ಪಿನ್ ಕೋಡಿನೊಳಗಿನ ಕಿಂಡಿ

(ಡಿಸೆಂಬರ್ 22, ರಾಷ್ಟ್ರೀಯ ಗಣಿತ ದಿನದಂದು ಚಿತ್ರದುರ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳಿವು. ಅಂದು ಬೋರ್ಡ್ ಮೇಲೆ ಮಾಡಿದ ಲೆಕ್ಕಗಳನ್ನು ಇಲ್ಲಿ ಮಾತಿನ ಜೊತೆಗೇ ಸೇರಿಸಿದ್ದೇನೆ. ಓದುವಾಗ ಒಂದು ಕಾಗದ, ಒಂದು ಪೆನ್ಸಿಲ್ ಪಕ್ಕದಲ್ಲಿ ಇಟ್ಟುಕೊಳ್ಳಿ.)

ಎಲ್ಲರಿಗೂ ನಮಸ್ಕಾರ.

ಇವತ್ತು ರಾಮಾನುಜನ್ ಹುಟ್ಟಿದ ದಿನ. ಈ ದಿನ ಎಲ್ಲ ಕಡೆ 1729ರ ಕಥೆ ಹೇಳುತ್ತಾರೆ. ಅದು ನಿಮಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಆ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದೇ. ಅದು ಒಂದು ಟ್ಯಾಕ್ಸಿಯ ನಂಬರು. ಯಾರೂ ಹುಡುಕಿ ತಂದಿದ್ದಲ್ಲ, ಸುಮ್ನೆ ಕಣ್ಣಿಗೆ ಬಿದ್ದದ್ದು. ಹಾಗೆ ದಿನಾ ನಮ್ಮ ಕಣ್ಣಿಗೆ ಬೀಳುವ ನಂಬರು ಯಾವುದು? ಅರ್ಜಿ ತುಂಬುವಾಗ, ಪಾರ್ಸೆಲ್ ತರಿಸುವಾಗ, ಬ್ಯಾಂಕಿನಲ್ಲಿ, ಎಲ್ಲ ಕಡೆ ಬರೆಯುವ ನಂಬರು? ನಮ್ಮ ಪಿನ್ ಕೋಡ್. 577501.

ಇವತ್ತು ಈ ಒಂದು ಸಂಖ್ಯೆಯ ಜೊತೆ ಕೂರೋಣ. ಅದರ ಇಬ್ಬರು ನೆಂಟರನ್ನೂ ಮಾತಾಡಿಸೋಣ. ದಾವಣಗೆರೆಯ 577001, ಹರಿಹರದ 577601. 1997ರವರೆಗೆ ಈ ಮೂರೂ ಊರು ಒಂದೇ ಜಿಲ್ಲೆಯಲ್ಲಿದ್ದವು. ನಮ್ಮ ಅಪ್ಪನ ಕಾಲದವರು ಇವತ್ತಿಗೂ ದಾವಣಗೆರೆಯನ್ನು ಬೇರೆ ಜಿಲ್ಲೆ ಅಂತ ಒಪ್ಪುವುದು ಕಷ್ಟ.

ಆರು ಅಂಕಿಯ ಸಂಖ್ಯೆ ದೊಡ್ಡದಾ ಅಂತ ನೀವು ಕೇಳಬಹುದು. ಫೋನಿನ ಕ್ಯಾಲ್ಕುಲೇಟರಿಗೆ ದೊಡ್ಡದಲ್ಲ. ಕೈಯಲ್ಲಿ ಭಾಗಿಸುತ್ತಾ ಕೂತವರಿಗೆ ದೊಡ್ಡದು. ನಾನು ಕೂತಿದ್ದೇನೆ.

ನಾನು ಪಿಯುಸಿ ಓದುವಾಗ ದಾವಣಗೆರೆಯಲ್ಲಿ ನಮ್ಮ ಸೋದರತ್ತೆ ಮನೆ ಕಟ್ಟಿಸಿದರು. ಗೃಹಪ್ರವೇಶದ ಕಾಗದ ನಮಗೆ ಬರಲೇ ಇಲ್ಲ. ತಂಗಿ ಕರೆಯಲಿಲ್ಲ ಅಂತ ಅಪ್ಪ ಬಹಳ ನೊಂದುಕೊಂಡರು. ನಾವು ಹೋಗಲಿಲ್ಲ. ಗೃಹಪ್ರವೇಶ ಮುಗಿದು ಹತ್ತು ದಿನದ ಮೇಲೆ ಕಾಗದ ಬಂತು. ಊರಿನ ಹೆಸರು ಸರಿಯಾಗಿ ಚಿತ್ರದುರ್ಗ ಅಂತಲೇ ಇತ್ತು. ಆದರೆ ಪಿನ್ ಜಾಗದಲ್ಲಿ ಅತ್ತೆ ಅಭ್ಯಾಸಬಲದಿಂದ ತಮ್ಮೂರಿನ 577001 ಬರೆದಿದ್ದರು. 5 ಇರಬೇಕಾದ ಕಡೆ 0. ಆ ಒಂದು ಅಂಕಿಗಾಗಿ ಅಣ್ಣ ತಂಗಿ ಎರಡು ತಿಂಗಳು ಮಾತು ಬಿಟ್ಟಿದ್ದರು. ಅಪ್ಪ ಆ ಕಾಗದವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದರು. ಓದಲು ಕೂತಾಗಲೆಲ್ಲ ನನಗೆ ಅದೇ ಕಾಣುತ್ತಿತ್ತು. ಒಂದು ಮಳೆಯ ಸಂಜೆ ಕರೆಂಟ್ ಹೋಗಿತ್ತು. ಚಿಮಣಿ ಬೆಳಕಿನಲ್ಲಿ ಎರಡೂ ಸಂಖ್ಯೆಗಳನ್ನು ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ಭಾಗಿಸಲು ಶುರು ಮಾಡಿದೆ. ಇವತ್ತಿನ ಮಾತು ಅಲ್ಲಿಂದ ಬಂದದ್ದು.

ಇಂಥ ತಪ್ಪನ್ನು ಹಿಡಿಯಲು ಗಣಿತದಲ್ಲಿ ದಾರಿ ಇದೆ. ಆಧಾರ್ ಸಂಖ್ಯೆಯ 12ನೇ ಅಂಕಿ ಒಂದು ಕಾವಲು ಅಂಕಿ. ಉಳಿದ 11 ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಇಡುತ್ತಾರೆ. ಎಲ್ಲಾದರೂ ಒಂದು ಅಂಕಿ ತಪ್ಪಾದರೆ ಲೆಕ್ಕ ತಾಳೆಯಾಗುವುದಿಲ್ಲ, ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಪಿನ್ ಕೋಡಿಗೆ ಅಂಥ ಕಾವಲು ಇಲ್ಲ.

ಪಿನ್ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು, ಅರ್ಥವಾಗದ ಕೈಬರಹ. ಇದೆಲ್ಲದರ ನಡುವೆ ಕಾಗದ ಸರಿಯಾದ ಊರಿಗೆ ಹೋಗಬೇಕಿತ್ತು. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಸೇರಿದರೆ ಕಾಗದ ವಿಂಗಡಿಸುವ ಪ್ರದೇಶ. ಕೊನೆಯ ಮೂರು, ಬಟವಾಡೆ ಮಾಡುವ ಅಂಚೆ ಕಚೇರಿ. 577ರ ಕೆಳಗೆ ನಾವೊಬ್ಬರೇ ಇಲ್ಲ. ಚಿಕ್ಕಮಗಳೂರು 577101, ಶಿವಮೊಗ್ಗ 577201, ಭದ್ರಾವತಿ 577301, ಸಾಗರ 577401. ಕಾಫಿ ತೋಟದಿಂದ ನಮ್ಮ ಬಯಲುಸೀಮೆಯವರೆಗೆ ಎಲ್ಲರ ತಲೆಯ ಮೇಲೂ ಅದೇ 577.

ಈ 577ರ ಹತ್ತಿರ ಸ್ವಲ್ಪ ನಿಲ್ಲೋಣ. ನಿಲ್ಲಲೇಬೇಕು.

ಒಂದು ಚೌಕ ತೆಗೆದುಕೊಳ್ಳಿ, ಬಾಹು 1 ಮೀಟರ್. ಮೂಲೆಯಿಂದ ಮೂಲೆಗೆ ಕರ್ಣ ಎಷ್ಟು? 2ರ ವರ್ಗಮೂಲ. ಅದನ್ನು ಯಾವ ಭಿನ್ನರಾಶಿಯಲ್ಲೂ ಪೂರ್ತಿ ಬರೆಯಲಾಗುವುದಿಲ್ಲ. ಆದರೆ ಯಜ್ಞವೇದಿ ಕಟ್ಟುವವರಿಗೆ ಅದು ಬೇಕಿತ್ತು. ಇಟ್ಟಿಗೆ ಜೋಡಿಸಬೇಕು, ಹಗ್ಗ ಹಿಡಿದು ಅಳೆಯಬೇಕು. ಕ್ರಿಸ್ತಪೂರ್ವ ಕಾಲದ ಬೌಧಾಯನನ ಶುಲ್ಬಸೂತ್ರದಲ್ಲಿ ಅದಕ್ಕೊಂದು ವಿಧಾನವಿದೆ. ಅಳತೆಗೆ ಅದರ ಮೂರನೇ ಒಂದು ಭಾಗ ಸೇರಿಸು. ಆ ಮೂರನೇ ಭಾಗದ ನಾಲ್ಕನೇ ಒಂದು ಭಾಗ ಸೇರಿಸು. ಕೊನೆಗೆ ಸೇರಿಸಿದ್ದರ ಮೂವತ್ತನಾಲ್ಕನೇ ಒಂದು ಭಾಗ ಕಳೆ. ಅಂದರೆ 1 + 1/3 + 1/12 − 1/408. ಛೇದ 408 ಮಾಡಿಕೊಂಡು ಕೂಡಿಸಿ. 408, 136, 34 ಸೇರಿಸಿದರೆ 578. ಒಂದು ಕಳೆದರೆ 577. ಉತ್ತರ 577/408.

ಎರಡೂವರೆ ಸಾವಿರ ವರ್ಷದ ಹಿಂದಿನ ಆ ಭಿನ್ನರಾಶಿಯ ಅಂಶ, ಇವತ್ತು ನಮ್ಮ ಪಿನ್ ಕೋಡಿನ ಮೊದಲ ಮೂರು ಅಂಕಿ. ಇದು ಕಾಕತಾಳೀಯ. ಇದರಲ್ಲಿ ಗುಟ್ಟೇನೂ ಇಲ್ಲ, ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ. ಆದರೆ ಮೊದಲ ಸಲ ನೋಡಿದಾಗ ನನಗೆ ಊರಿನವರೊಬ್ಬರು ದೂರದ ಪರಸ್ಥಳದಲ್ಲಿ ಸಿಕ್ಕಷ್ಟು ಸಂತೋಷವಾಯಿತು.

577/408 ಎಷ್ಟು ಸರಿ? 1 ಕಿಲೋಮೀಟರ್ ಬಾಹುವಿನ ಚೌಕ ಹಾಕಿದರೆ ಕರ್ಣದಲ್ಲಿ ಬರುವ ತಪ್ಪು ಸುಮಾರು 2 ಮಿಲಿಮೀಟರ್. ಇಷ್ಟು ಹತ್ತಿರ ಬರಲು ಕಾರಣವಿದೆ. 577ರ ವರ್ಗ 3,32,929. 408ರ ವರ್ಗದ ಎರಡರಷ್ಟು 3,32,928. ಒಂದೇ ಒಂದು ವ್ಯತ್ಯಾಸ. ಸೊನ್ನೆ ಆಗಲು ಸಾಧ್ಯವೇ ಇಲ್ಲ, ಹಾಗಾಗಿ ಒಂದಕ್ಕಿಂತ ಹತ್ತಿರ ಬರಲು ಆಗುವುದಿಲ್ಲ. ಇದಕ್ಕೂ ಮುಂಚಿನ ಮೆಟ್ಟಿಲು 17/12. ಅಲ್ಲಿ 17ರ ವರ್ಗ 289, 12ರ ವರ್ಗದ ಎರಡರಷ್ಟು 288. ಈ 289 ಮತ್ತು 288 ಕೂಡಿಸಿ ನೋಡಿ. 577! 17, 12, 2 ಮೂರನ್ನೂ ಗುಣಿಸಿ, 408. ಒಂದು ಜೋಡಿಯಿಂದ ಮುಂದಿನ ಜೋಡಿ ಹುಟ್ಟಿಸುವ ಈ ಉಪಾಯವನ್ನು 628ರಲ್ಲಿ ಬ್ರಹ್ಮಗುಪ್ತ ಎಲ್ಲ ಸಂಖ್ಯೆಗಳಿಗೂ ಹೊಂದುವ ಹಾಗೆ ಬರೆದಿಟ್ಟ.

577 ಅವಿಭಾಜ್ಯ ಸಂಖ್ಯೆ. ತನ್ನಿಂದ ಮತ್ತು 1ರಿಂದ ಬಿಟ್ಟು ಬೇರೆ ಯಾವುದರಿಂದಲೂ ಅದು ನಿಶ್ಶೇಷವಾಗಿ ಭಾಗವಾಗದು. ಇನ್ನೊಂದು ಗುಣ, 577 ಅಂದರೆ 24ರ ವರ್ಗಕ್ಕೆ ಒಂದು ಸೇರಿಸಿದ್ದು. ಇದನ್ನು ನೆನಪಿಟ್ಟುಕೊಳ್ಳಿ, ಹರಿಹರಕ್ಕೆ ಹೋದಾಗ ಬೇಕಾಗುತ್ತದೆ.

ಈಗ ಊರುಗಳಿಗೆ ಬರೋಣ. ದಾವಣಗೆರೆಯದು ಬೇಗ ಮುಗಿಯುತ್ತದೆ. 577001ನ್ನು 2, 3, 5, 7, 11, 13, 17, 19ರಿಂದ ಭಾಗಿಸಿದರೆ ಪ್ರತಿ ಸಲ ಶೇಷ ಉಳಿಯುತ್ತದೆ. 23ಕ್ಕೆ ಬಂದಾಗ ಹೀಗೆ ಒಡೆದು ನೋಡಿ. 5,75,000 ಒಂದು ಕಡೆ, 2001 ಇನ್ನೊಂದು ಕಡೆ. ಮೊದಲನೆಯದು 23ರ 25,000 ಪಟ್ಟು. ಎರಡನೆಯದು 23ರ 87 ಪಟ್ಟು. ಎಷ್ಟು ಸಲೀಸಾಗಿ ಬಿಚ್ಚಿಕೊಂಡಿತು ನೋಡಿ, ಬೆಣ್ಣೆ ದೋಸೆ ಹಾಗೆ. 577001 ಅಂದರೆ 23 × 25087. ಈ 25087 ಅವಿಭಾಜ್ಯ, ಇನ್ನು ಮುಂದೆ ಒಡೆಯದು. ದಾವಣಗೆರೆಯ ಕೆಲಸ ಒಂಬತ್ತನೇ ಅವಿಭಾಜ್ಯದಲ್ಲೇ ಆಯಿತು.

ದುರ್ಗದ್ದು ಹಾಗಲ್ಲ.

577501ರಿಂದ ಒಂದು ಕಳೆಯಿರಿ, 577500. ಇದು 750 × 770. 750ರಲ್ಲಿ 2, 3, 5 ಇವೆ. 770ರಲ್ಲಿ 7, 11 ಇವೆ. ಹಾಗಾಗಿ 577500 ಈ ಐದೂ ಅವಿಭಾಜ್ಯಗಳಿಂದ ಭಾಗವಾಗುತ್ತದೆ. ಅದಕ್ಕಿಂತ ಒಂದು ಹೆಚ್ಚಾದ 577501 ಇವುಗಳಲ್ಲಿ ಒಂದರಿಂದಲೂ ಭಾಗವಾಗುವಂತಿಲ್ಲ. ಯಾವುದರಿಂದ ಭಾಗಿಸಿದರೂ ಒಂದು ಉಳಿದೇ ಉಳಿಯುತ್ತದೆ. ಅವಿಭಾಜ್ಯಗಳಿಗೆ ಕೊನೆಯಿಲ್ಲ ಅಂತ ಯೂಕ್ಲಿಡ್ ತೋರಿಸಿದ್ದು ಇದೇ ತಂತ್ರದಿಂದ.

ಈ ಜಿಲ್ಲೆಯವರಿಗೆ ಇದರಲ್ಲಿ ಒಂದು ಲಾಭ ಇದೆ. ನಿಮ್ಮೂರ ಪಿನ್ 5775ರಿಂದ ಶುರುವಾದರೆ, 2, 3, 5, 7, 11ರ ಪರೀಕ್ಷೆಗೆ ಕೊನೆಯ ಎರಡು ಅಂಕಿ ನೋಡಿದರೆ ಸಾಕು. ಚಳ್ಳಕೆರೆ 577522. ಕೊನೆಗೆ 22 ಇದೆ, ಹಾಗಾಗಿ 2 ಮತ್ತು 11ರಿಂದ ಭಾಗವಾಗುತ್ತದೆ. ಹೊಸದುರ್ಗ 577527. 27 ಇದೆ, 3ರಿಂದ ಹೋಗುತ್ತದೆ. ಮೊಳಕಾಲ್ಮೂರು 577535. 35 ಇದೆ, 5 ಮತ್ತು 7 ಎರಡರಿಂದಲೂ ಹೋಗುತ್ತದೆ. (ಇಲ್ಲಿ ಸಭೆಯಲ್ಲಿ ಒಂದೈದು ನಿಮಿಷ ಗದ್ದಲವೋ ಗದ್ದಲ. ಎಲ್ಲರೂ ತಮ್ಮ ತಮ್ಮ ಊರಿನದು ನೋಡಿಕೊಳ್ಳುತ್ತಿದ್ದರು. ಅಜ್ಜಿಯೊಬ್ಬರು ಮೊಮ್ಮಗನ ಕೈಯಲ್ಲಿ ಬರೆಸಿ ನೋಡಿದರು. ನನಗೆ ಆ ಗದ್ದಲ ಬಹಳ ಹಿತವಾಗಿತ್ತು.)

ಆದರೆ ನಮ್ಮ ದುರ್ಗದ ಸಂಖ್ಯೆಗೆ ಮೊದಲ ಐದು ಬಾಗಿಲು ಮುಚ್ಚಿವೆ. ಮುಂದೆ 13. ಶೇಷ 2. 17ಕ್ಕೆ 11. 19ಕ್ಕೆ 15. 23ಕ್ಕೆ 17. ಎಲ್ಲಿಯವರೆಗೆ ಹೋಗಬೇಕು? ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾದರೆ, ಅವೆರಡರಲ್ಲಿ ಚಿಕ್ಕದು ಆ ಸಂಖ್ಯೆಯ ವರ್ಗಮೂಲವನ್ನು ಮೀರುವಂತಿಲ್ಲ. ಎರಡೂ ಮೀರಿದರೆ ಗುಣಲಬ್ಧ ಜಾಸ್ತಿಯಾಗಿಬಿಡುತ್ತದೆ, ಅಲ್ವಾ? 577501ರ ವರ್ಗಮೂಲ 760ಕ್ಕೆ ಸ್ವಲ್ಪವೇ ಕಡಿಮೆ. ಅಲ್ಲಿಯವರೆಗೆ 134 ಅವಿಭಾಜ್ಯಗಳಿವೆ. 134 ಸಲ ಭಾಗಿಸಿ ಯಾವುದರಲ್ಲೂ ಹೋಗದಿದ್ದರೆ ನಮ್ಮ ಸಂಖ್ಯೆಯೇ ಅವಿಭಾಜ್ಯ.

ಆ ಮಳೆಯ ಸಂಜೆ ನನಗಿದ್ದ ಆಸೆ ಅದೇ. ಕಲ್ಲಿನ ಕೋಟೆಯ ಊರಿನ ಸಂಖ್ಯೆ ಒಡೆಯಬಾರದು. 31ಕ್ಕೆ ಬಂದಾಗ ಶೇಷ 2. 37ಕ್ಕೆ 5. ನೂರು ದಾಟಿತು. 199ರ ಹತ್ತಿರ ಶೇಷ 3 ಮಾತ್ರ, ಸ್ವಲ್ಪದರಲ್ಲಿ ತಪ್ಪಿತು. ಇನ್ನೂರೈವತ್ತು ದಾಟಿತು. ಚಿಮಣಿಯ ಎಣ್ಣೆ ಮುಗಿಯಿತು, ಮರುದಿನ ಮತ್ತೆ ಕೂತೆ. 257, ಇಲ್ಲ. 263, ಇಲ್ಲ. 269, ಇಲ್ಲ. ಅಲ್ಲಿಗೆ 57 ಅವಿಭಾಜ್ಯಗಳು ಸೋತು ಹಿಂದೆ ಹೋಗಿದ್ದವು. 58ನೆಯದು 271. ಭಾಗಿಸಿದೆ. 2131 ಸಲ, ಶೇಷ ಸೊನ್ನೆ. ತಪ್ಪಿರಬೇಕು ಅಂತ ಮೂರು ಸಲ ಮಾಡಿದೆ. ತಪ್ಪಿರಲಿಲ್ಲ. 577501 ಅಂದರೆ 271 × 2131.

ಆಗ ಬೇಜಾರಾಯಿತು ನಿಜ. ಆಮೇಲೆ ಕೋಟೆ ಹತ್ತುವಾಗ ಓಬವ್ವನ ಕಿಂಡಿಯ ಮುಂದೆ ನಿಂತೆ. ಏಳು ಸುತ್ತಿನ ಕೋಟೆ. ಎದುರಿನಿಂದ ಬಂದು ಹೈದರಾಲಿಯ ಸೈನ್ಯ ಎಷ್ಟೋ ಸಲ ಹಿಂದಕ್ಕೆ ಹೋಯಿತು. ಕೊನೆಗೆ ಅವರ ಕಣ್ಣಿಗೆ ಬಿದ್ದದ್ದು ಒಬ್ಬ ಮನುಷ್ಯ ನುಸುಳುವಷ್ಟು ಸಣ್ಣ ಕಿಂಡಿ. ನಮ್ಮ ಸಂಖ್ಯೆಯೂ ಹೀಗೇ ಇದೆ ಅನ್ನಿಸಿತು. ಹೊರಗಿನಿಂದ ನೋಡಿದರೆ ಗೋಡೆ. 57 ಸಲ ತಟ್ಟಿದರೂ ಗೋಡೆಯೇ. 271ರ ಹತ್ತಿರ ಒಂದು ಕಿಂಡಿ. ಆವತ್ತಿನಿಂದ ಈ ಸಂಖ್ಯೆ ನನಗೆ ಅವಿಭಾಜ್ಯವಾಗಿದ್ದರೆ ಎಷ್ಟು ಪ್ರಿಯವಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಪ್ರಿಯ.

ಈ 271 ಕೂಡ ಸಾಮಾನ್ಯದ್ದಲ್ಲ. ಅದನ್ನು 41ರಿಂದ ಗುಣಿಸಿ. 11111. ಐದು ಒಂದುಗಳ ಸರ. ಇಂಥ ಸರಗಳ ಮೇಲೆ ನಮ್ಮ ನಾಡಿನಲ್ಲೇ ಒಬ್ಬರಿಗೆ ಪ್ರೀತಿ ಇತ್ತು. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯ. ಅವರ ಗಣಿತಸಾರಸಂಗ್ರಹದ ಗುಣಾಕಾರದ ಭಾಗದಲ್ಲಿ 152207ನ್ನು 73ರಿಂದ ಗುಣಿಸುವ ಲೆಕ್ಕವಿದೆ. ಉತ್ತರ 11111111. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ. ಗುಣಾಕಾರ ಕಲಿಸಲು ಇಷ್ಟು ಚೆಂದದ ಲೆಕ್ಕ ಹುಡುಕಿ ತಂದ ಮೇಷ್ಟ್ರ ಮೇಲೆ ನನಗೆ ತುಂಬ ಗೌರವ. ಮಕ್ಕಳು ಉತ್ತರ ಸರಿಯೋ ತಪ್ಪೋ ಅಂತ ಯಾರನ್ನೂ ಕೇಳಬೇಕಿಲ್ಲ. ಹಾರ ಮೂಡಿತೆಂದರೆ ಸರಿ.

271 ಐದು ಒಂದುಗಳ ಹಾರದಲ್ಲಿ ಇರುವುದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ. 99999 ಅಂದರೆ 9 × 41 × 271. ಅಂದರೆ ಒಂದು ಲಕ್ಷವನ್ನು 271ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ ಸಂಖ್ಯೆಯನ್ನು ಬಲಗಡೆಯಿಂದ ಐದೈದು ಅಂಕಿಗೆ ಕತ್ತರಿಸಿ ಕೂಡಿಸಬಹುದು. 577501ರಲ್ಲಿ 77501 ಒಂದು ತುಂಡು, ಉಳಿದದ್ದು 5. ಕೂಡಿಸಿದರೆ 77506. ಇದು 271ರ 286 ಪಟ್ಟು. ಎರಡು ಸಂಜೆಯ ಕೆಲಸ ಎರಡು ಸಾಲಲ್ಲಿ ಆಗುತ್ತಿತ್ತು. ಆಗ ನನಗೆ ಗೊತ್ತಿರಲಿಲ್ಲ, ಆಮೇಲೆ ಕಲಿತೆ.

ಇನ್ನು ಹರಿಹರ. 577601.

ಇದನ್ನು ನಾನು ಬಹಳ ವರ್ಷ ನೋಡಿರಲೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಹರಿಹರದ ಬಸ್ ನಿಲ್ದಾಣದಲ್ಲಿ ಅಂಗಡಿಯ ಬೋರ್ಡ್ ಮೇಲೆ ಕಂಡಿತು. ಒಂದು ಕಳೆದರೆ 577600. 76ರ ವರ್ಗ 5776 ಅಂತ ನನಗೆ ಬಾಯಿಪಾಠ ಇತ್ತು, ಏಕೆಂದರೆ 76 ತನ್ನ ವರ್ಗದ ಕೊನೆಯಲ್ಲಿ ತಾನೇ ಬಂದು ಕೂರುತ್ತದೆ. ಎರಡಂಕಿಯಲ್ಲಿ ಹಾಗೆ ಕೂರುವವು 25 ಮತ್ತು 76 ಎರಡೇ. ಹಾಗಾದರೆ 577600 ಅಂದರೆ 760ರ ವರ್ಗ. ಹರಿಹರ ಅಂದರೆ 760ರ ವರ್ಗಕ್ಕೆ ಒಂದು ಸೇರಿಸಿದ್ದು! 577 ಹೇಗೆ 24ರ ವರ್ಗಕ್ಕೆ ಒಂದು ಸೇರಿಸಿದ್ದೋ ಹಾಗೆ. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ.

ವರ್ಗಕ್ಕೆ ಒಂದು ಸೇರಿಸಿ ಬಂದ ಸಂಖ್ಯೆಗಳಿಗೆ ಒಂದು ವಿಶೇಷ ಗುಣ ಇದೆ. 7ನ್ನು ತೆಗೆದುಕೊಳ್ಳಿ. ಯಾವ ವರ್ಗವನ್ನು 7ರಿಂದ ಭಾಗಿಸಿದರೂ ಶೇಷ 0, 1, 2, 4 ಇವುಗಳಲ್ಲಿ ಒಂದು. ಒಂದು ಸೇರಿಸಿದರೆ 1, 2, 3, 5. ಸೊನ್ನೆ ಬರುವುದೇ ಇಲ್ಲ. ಅಂದರೆ 7 ಇಂಥ ಸಂಖ್ಯೆಯನ್ನು ಎಂದೂ ಭಾಗಿಸದು. 3ಕ್ಕೂ ಹೀಗೇ, 11ಕ್ಕೂ ಹೀಗೇ. 4ರಿಂದ ಭಾಗಿಸಿದಾಗ ಶೇಷ 3 ಉಳಿಯುವ ಯಾವ ಅವಿಭಾಜ್ಯಕ್ಕೂ ಇಲ್ಲಿ ಪ್ರವೇಶವಿಲ್ಲ. 760ರ ಕೆಳಗಿನ 134ರಲ್ಲಿ ಅಂಥವು 70. ಸಂಖ್ಯೆ ಬೆಸವಾದ್ದರಿಂದ 2 ಕೂಡ ಇಲ್ಲ. ಉಳಿದದ್ದು 63.

ಕೆಲಸ ಇನ್ನೂ ಹಗುರ. 577601ನ್ನೇ ಭಾಗಿಸಬೇಕಿಲ್ಲ. 760ನ್ನು ಭಾಗಿಸಿ, ಶೇಷದ ವರ್ಗ ಮಾಡಿ, ಒಂದು ಸೇರಿಸಿ ನೋಡಿದರೆ ಸಾಕು. 13ರಲ್ಲಿ ಶೇಷ 6. ವರ್ಗ 36, ಒಂದು ಸೇರಿದರೆ 37. ಅದು 13ರಿಂದ ಹೋಗದು. 29ರಲ್ಲೂ ಶೇಷ 6, ಅದೇ 37, ಹೋಗದು. ಹೀಗೆ ಒಂದೊಂದೇ. ಈ ಸಲ ನನ್ನ ಮನಸ್ಸಿನಲ್ಲಿ ಹೆದರಿಕೆ ಇತ್ತು. ದುರ್ಗದಲ್ಲಿ ಒಮ್ಮೆ ನೋಡಿದ್ದೆನಲ್ಲ. 271 ದಾಟಿತು. ಐನೂರು ದಾಟಿತು. ಏಳುನೂರು ದಾಟಿತು. 63ರಲ್ಲಿ ಉಳಿದದ್ದು ಎರಡೇ ಎರಡು, 733 ಮತ್ತು 757.

733. 760ರಲ್ಲಿ 733 ಕಳೆದರೆ 27. ವರ್ಗ 729. ಒಂದು ಸೇರಿದರೆ 730. ಬೇಕಾದದ್ದು 733. ಮೂರೇ ಮೂರು ಕಡಿಮೆ! ಬಾಗಿಲ ತನಕ ಬಂದು ಹೋದ ಹಾಗೆ. ಆಮೇಲೆ 757. ಶೇಷ 3, ವರ್ಗ 9, ಒಂದು ಸೇರಿದರೆ 10. ಹೋಗದು. ಮುಗಿಯಿತು. 577601 ಅವಿಭಾಜ್ಯ. ಹರಿಹರ ಒಡೆಯಲಿಲ್ಲ.

ಒಡೆಯಲಿಲ್ಲ ಅಂದೆ. ಆದರೆ ಒಳಗೆ ಇಬ್ಬರಿದ್ದಾರೆ. 4ರಿಂದ ಭಾಗಿಸಿದಾಗ 1 ಉಳಿಯುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 1640ರ ಕ್ರಿಸ್‌ಮಸ್ ದಿನ ಫರ್ಮಾ ಒಂದು ಕಾಗದದಲ್ಲಿ ಇದನ್ನು ಬರೆದ. ಪೂರ್ತಿ ಸಾಧನೆ ಕೊಟ್ಟವನು ಆಯ್ಲರ್, ನೂರಕ್ಕೂ ಹೆಚ್ಚು ವರ್ಷದ ಮೇಲೆ. ಹರಿಹರಕ್ಕೆ ಆ ಒಂದೇ ರೀತಿ 760ರ ವರ್ಗ ಮತ್ತು 1ರ ವರ್ಗ. ದುರ್ಗ ಮತ್ತು ದಾವಣಗೆರೆಯನ್ನು ಹೀಗೆ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ. ಏಕೆಂದರೆ ಅವುಗಳೊಳಗಿನ 271 ಮತ್ತು 23, ಎರಡೂ ಶೇಷ 3ರ ಗುಂಪಿನವು.

ಪಿಯುಸಿಯವರಿಗೆ i ಗೊತ್ತಿರುತ್ತದೆ, ವರ್ಗ ಮಾಡಿದರೆ −1 ಆಗುವ ಸಂಖ್ಯೆ. ಅದನ್ನು ಒಳಗೆ ಬಿಟ್ಟುಕೊಂಡರೆ 577601 ಒಡೆಯುತ್ತದೆ. (760 + i) ಒಂದು ಕಡೆ, (760 − i) ಇನ್ನೊಂದು ಕಡೆ. ಕನ್ನಡಿ ಹಿಡಿದ ಹಾಗೆ ಎರಡು ಅರ್ಧ. ಹರಿಹರೇಶ್ವರನ ಗುಡಿಯಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 13ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿ. ಒಂದೇ ಮೂರ್ತಿ, ಅರ್ಧ ಹರಿ, ಅರ್ಧ ಹರ. ಪಿನ್ ಕೊಟ್ಟವರು ಇದನ್ನೆಲ್ಲ ಯೋಚಿಸಿರಲಿಲ್ಲ, ಅದು ನನಗೂ ಗೊತ್ತು. ಆದರೂ ಪ್ರತಿ ಸಲ ಆ ಗುಡಿಗೆ ಹೋದಾಗ 760 ನೆನಪಾಗುತ್ತದೆ.

ಹೀಗೆ ವರ್ಗಕ್ಕೆ ಒಂದು ಸೇರಿಸಿ ಸಿಗುವ ಅವಿಭಾಜ್ಯಗಳು ಎಷ್ಟಿವೆ? 5, 17, 37, 101, 577, 577601. ಕೊನೆಯೇ ಇಲ್ಲದೆ ಸಿಗುತ್ತಾ ಹೋಗುತ್ತವೆಯೇ? 1912ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲ್ಯಾಂಡೌ ಈ ಪ್ರಶ್ನೆಯನ್ನು ಮುಂದಿಟ್ಟ. ಇವತ್ತಿಗೂ ಉತ್ತರವಿಲ್ಲ. 1978ರಲ್ಲಿ ಇವಾನಿಯೆಕ್ ಹತ್ತಿರ ಬಂದ. ವರ್ಗಕ್ಕೆ ಒಂದು ಸೇರಿಸಿದ ಸಂಖ್ಯೆಗಳಲ್ಲಿ ಹೆಚ್ಚೆಂದರೆ ಎರಡು ಅವಿಭಾಜ್ಯ ಅಪವರ್ತನ ಇರುವವು ಅನಂತ ಇವೆ ಅಂತ ತೋರಿಸಿದ. ಎರಡರಿಂದ ಒಂದಕ್ಕೆ ಇಳಿಯಲು ಇನ್ನೂ ಯಾರಿಗೂ ಆಗಿಲ್ಲ. ಪ್ರಶ್ನೆ ಹೈಸ್ಕೂಲಿನವರಿಗೂ ಅರ್ಥವಾಗುತ್ತದೆ. ನಿಮ್ಮಲ್ಲಿ ಯಾರಾದರೂ ಹಿಡಿದುಕೊಳ್ಳಲಿ ಅಂತ ನನ್ನ ಮನಸಾರೆ ಆಸೆ.

ಈಗ ಸ್ವಲ್ಪ ದೊಡ್ಡ ಸಂಖ್ಯೆಗೆ ಹೋಗೋಣ. ನಿಮ್ಮ ಮೊಬೈಲ್ ನಂಬರ್ ಹತ್ತಂಕಿ. ಅದನ್ನು ಪರೀಕ್ಷಿಸಲು ಒಂದು ಲಕ್ಷದ ಹತ್ತಿರದವರೆಗೆ ಹೋಗಬೇಕಾಗಬಹುದು. ಒಂದು ಲಕ್ಷದೊಳಗೆ 9592 ಅವಿಭಾಜ್ಯಗಳಿವೆ. ಚಿಮಣಿ ಎಣ್ಣೆ ಸಾಲುವುದಿಲ್ಲ. ನೂರಾರು ಅಂಕಿಯ ಸಂಖ್ಯೆ ಬಂದರೆ ಭೂಮಿಯ ಮೇಲಿನ ಯಾವ ಕಂಪ್ಯೂಟರಿಗೂ ಈ ದಾರಿ ಸಾಲದು. ಇಲ್ಲಿ ಒಂದು ಸೋಜಿಗ ಇದೆ. ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಹೇಳುವುದು ಸುಲಭ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ, ಇದಕ್ಕೆ ಖಚಿತವಾದ, ವೇಗದ ವಿಧಾನ ಕೊಟ್ಟರು. ಆದರೆ ಅವಿಭಾಜ್ಯ ಅಲ್ಲ ಅಂತ ಗೊತ್ತಾದ ಮೇಲೆ ಕಿಂಡಿ ಎಲ್ಲಿದೆ ಅಂತ ಹುಡುಕುವುದಕ್ಕೆ ನಾವು ಬಳಸುವ ಸಾಮಾನ್ಯ ಕಂಪ್ಯೂಟರುಗಳಲ್ಲಿ ನಡೆಯುವಂಥ ವೇಗದ ದಾರಿ ಯಾರಿಗೂ ಸಿಕ್ಕಿಲ್ಲ.

1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಈ ಕಷ್ಟವನ್ನೇ ಬೀಗ ಮಾಡಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಉತ್ತರವನ್ನು ಎಲ್ಲರಿಗೂ ತೋರಿಸುತ್ತಾರೆ. ಒಳಗಿನ ಎರಡನ್ನು ಬಚ್ಚಿಡುತ್ತಾರೆ. ಅವೆರಡು ಗೊತ್ತಿದ್ದವರಿಗೆ ಮಾತ್ರ ಬೀಗ ತೆರೆಯುತ್ತದೆ. ನಾವು ಇಂಟರ್‌ನೆಟ್ಟಿನಲ್ಲಿ ನಂಬಿಕೊಂಡಿರುವ ಎಷ್ಟೋ ಬೀಗಗಳು ಇವೇ. ಅಲ್ಲಿ ಬಳಸುವ ಸಂಖ್ಯೆಗಳಿಗೆ ಆರುನೂರಕ್ಕಿಂತ ಹೆಚ್ಚು ಅಂಕಿ. ಇಂಥದ್ದೇ ರೀತಿಯ, ಸವಾಲಿಗಾಗಿ ಇಟ್ಟಿದ್ದ 250 ಅಂಕಿಯ ಒಂದು ಸಂಖ್ಯೆಯನ್ನು 2020ರ ಫೆಬ್ರವರಿಯಲ್ಲಿ ಒಡೆದರು. ಅದಕ್ಕೆ ಸಾವಿರಾರು ಕಂಪ್ಯೂಟರುಗಳ ತಿಂಗಳುಗಟ್ಟಲೆ ದುಡಿಮೆ ಬೇಕಾಯಿತು.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೆ ಕೇಳುವ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಭರಮಸಾಗರದ ಕಡೆಯವಳಂತೆ.

“ಸರ್, ನಮ್ಮೂರ ಪಿನ್ 577519. ಕೊನೆಯಲ್ಲಿ 19 ಇದೆ. 2, 3, 5, 7, 11 ಯಾವುದರಲ್ಲೂ ಹೋಗಲ್ಲ. ನೀವು ಮಾತಾಡ್ತಿರುವಾಗ ಫೋನಲ್ಲಿ ನೂರರ ತನಕ ನೋಡಿದೆ. ಹೋಗ್ತಿಲ್ಲ. ಅವಿಭಾಜ್ಯ ಇರಬಹುದಾ?”

ಆ ಸಂಖ್ಯೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಬೋರ್ಡಿನ ಮೇಲೆ ಹರಿಹರದ 577600 ಇನ್ನೂ ಹಾಗೇ ಇತ್ತು. ಅದರ ಕೆಳಗೆ 577519 ಬರೆದೆ. ಫರ್ಮಾ ಹೇಳಿಕೊಟ್ಟ ಇನ್ನೊಂದು ದಾರಿ ನೆನಪಾಯಿತು. ಚಿಕ್ಕ ಅವಿಭಾಜ್ಯಗಳಿಂದ ಶುರು ಮಾಡಬೇಡ. ಸಂಖ್ಯೆಗಿಂತ ಸ್ವಲ್ಪ ಮೇಲಿರುವ ವರ್ಗ ತೆಗೆದುಕೋ, ಅದರಿಂದ ಸಂಖ್ಯೆಯನ್ನು ಕಳೆ, ಉಳಿದದ್ದು ಕೂಡ ವರ್ಗವೇ ನೋಡು.

“ಬಾಮ್ಮ, ನೀನೇ ಕಳೆ” ಅಂದೆ. ಬಂದಳು. ಕಳೆದಳು. 81.

ಒಂದು ಕ್ಷಣ ಅವಳೂ ಸುಮ್ಮನೆ ನಿಂತಳು, ನಾನೂ ನಿಂತೆ. 81 ಅಂದರೆ 9ರ ವರ್ಗ. 760ರ ವರ್ಗದಲ್ಲಿ 9ರ ವರ್ಗ ಕಳೆದರೆ, ಎಂಟನೇ ಕ್ಲಾಸಿನಲ್ಲಿ ಕಲಿತ ಸೂತ್ರ. (760 − 9) ಮತ್ತು (760 + 9)ರ ಗುಣಲಬ್ಧ. 751 × 769. ಎರಡೂ ಅವಿಭಾಜ್ಯ. ಚಿಕ್ಕದರಿಂದ ಒಂದೊಂದೇ ಭಾಗಿಸುತ್ತಾ ಹೋಗಿದ್ದರೆ 132 ಅವಿಭಾಜ್ಯಗಳು ಸೋತ ಮೇಲೆ 133ನೆಯದರಲ್ಲಿ ಸಿಗುತ್ತಿತ್ತು. ದುರ್ಗದ ಸಂಖ್ಯೆಗಿಂತ ಎರಡು ಪಟ್ಟಿಗೂ ಹೆಚ್ಚು ಗಟ್ಟಿ ಗೋಡೆ. ಮೇಲಿನಿಂದ ಬಂದರೆ ಒಂದೇ ಹೆಜ್ಜೆ. ಬೀಗ ಮಾಡುವವರು ಎರಡು ಅವಿಭಾಜ್ಯಗಳನ್ನು ತೀರಾ ಹತ್ತಿರ ಹತ್ತಿರ ಇಡಬಾರದು ಅನ್ನುವುದು ಇದಕ್ಕೇ. ದುರ್ಗಕ್ಕೆ ಇದೇ ದಾರಿ ಹಿಡಿದರೆ ಮೊದಲ ಕಳೆಯುವಿಕೆಯಲ್ಲಿ 99 ಉಳಿಯುತ್ತದೆ, ಅದು ವರ್ಗವಲ್ಲ. ಅಲ್ಲಿಂದ 761, 762 ಅಂತ 1201ರವರೆಗೆ ನಡೆಯಬೇಕು. ಒಂದು ಸಂಖ್ಯೆಗೆ ಕೆಳಗಿನ ದಾರಿ ಹತ್ತಿರ, ಇನ್ನೊಂದಕ್ಕೆ ಮೇಲಿನ ದಾರಿ.

ಹುಡುಗಿ ಬೋರ್ಡಿನ ಮೇಲೆ 751 × 769 ಅಂತ ದೊಡ್ಡದಾಗಿ ಬರೆದಳು. ಆಮೇಲೆ ನಂಬಿಕೆ ಬರಲಿಲ್ಲವೋ ಏನೋ, ಪಕ್ಕದಲ್ಲೇ ಕೈಯಲ್ಲಿ ಗುಣಿಸಲು ಶುರು ಮಾಡಿದಳು. ಸಭೆ ಕಾದು ಕೂತಿತ್ತು.